ಆರುನೂರು ಗಂಟೆ ಕಮ್ಮಿ

ಮಾರ್ಲಿಸ್ ಅಂತ ಹೆಸರು, ಲೈಸೆನ್ಸ್ ಕಚೇರಿಯವಳು.
ಒಳ್ಳೆಯ ದನಿ, ಬೈಯೋಣವೆಂದರೆ ಬಾಯಿ ಬಾರದಂಥದ್ದು.
'ಲೂಸಿಯಾನದ್ದು ಸಾವಿರದೈನೂರು ಗಂಟೆ, ಮೇಡಂ.
ನಮ್ಮ ಅಯೋವಾ ಕೇಳುವುದು ಎರಡು ಸಾವಿರದ ನೂರು.
ಆರುನೂರು ಕಮ್ಮಿ.'
ಡಬ್ಬಿಯಲ್ಲಿ ಸಕ್ಕರೆ ಕಮ್ಮಿ ಅಂದ ಹಾಗೆ ಅಂದಳು.

ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದೆ.
ಎರಡೂ ಕೈ ಅಡುಗೆಮನೆಯ ಸಿಂಕಿನಲ್ಲಿ,
ಸಿಂಕಿನೊಳಗೆ ಪಕ್ಕದ ಮನೆಯ ಹಿಲ್ಮಾಳ ತಲೆ.
ಎಂಬತ್ತಾರು ವರ್ಷದ ಕೂದಲು, ಬೆರಳಲ್ಲಿ ನಿಲ್ಲುವುದಿಲ್ಲ,
ನಮ್ಮವರ ಕೂದಲಿನ ಹಾಗೆ ಎದುರಾಡುವುದೂ ಇಲ್ಲ.

ಕೇಳಿದೆ: ಹದಿನೇಳು ವರ್ಷ ಕತ್ತರಿ ಹಿಡಿದಿದ್ದೇನಲ್ಲ,
ಅದು ಲೆಕ್ಕಕ್ಕಿಲ್ಲವೆ?
ಇದೆ, ಅಂದಳು. ಪತ್ರ ಬೇಕು,
ಮಾಲೀಕರ ಸಹಿ, ಅದರ ಮೇಲೆ ನೋಟರಿಯ ಮೊಹರು.

ಲೇಕ್ ಚಾರ್ಲ್ಸಿನ ಆ ಅಂಗಡಿಯ ಚಾವಣಿ
ಚಂಡಮಾರುತಕ್ಕೆ ಎದ್ದುಹೋಗಿ
ಚರ್ಚಿನ ಪಾರ್ಕಿಂಗಿನಲ್ಲಿ ಅಂಗಾತ ಮಲಗಿತ್ತು.
ಮಾಲೀಕಳು ಮಿಸ್ ಯೂಲಾಲಿ, ಆ ವರ್ಷದ ಚಳಿ ದಾಟಲಿಲ್ಲ.
ಪೆಟ್ಟಿಗೆಯಲ್ಲಿ ಮಲಗಿದವಳ ತಲೆ ಬಾಚಿದ್ದು ನಾನೇ.
ಎರಡು ಗಂಟೆ ಹಿಡಿಯಿತು.
ಆಕೆ ಇದ್ದಿದ್ದರೆ ಅರ್ಧ ಬಿಚ್ಚಿಸಿ ಮತ್ತೆ ಹೆಣೆಸುತ್ತಿದ್ದಳು.

'ಒರೀಲಿಯಾಳದು ಬೆಳೆಸುವ ಕೈ' ಅನ್ನುತ್ತಿದ್ದರು ಅಲ್ಲಿ.
ನಾನು ಮುಟ್ಟಿದ ಕೂದಲು ಬೆಳೆಯುತ್ತದಂತೆ.
ಕೀಮೋ ಮುಗಿಸಿ ಬಂದ ಹೆಂಗಸರು
ಮೊದಲು ನನ್ನಲ್ಲಿಗೇ ಬರುತ್ತಿದ್ದರು,
ಟೋಪಿ ತೆಗೆಯದೆ ಅರ್ಧ ಗಂಟೆ ಮಾತಾಡಿ.
ನಿಜವೋ ಸುಳ್ಳೋ, ಕೈಗುಣಕ್ಕೆ ನೋಟರಿ ಇಲ್ಲ.

ಗಂಡನಿಗೆ ಇಲ್ಲಿ ಮೂರೇ ದಿನದಲ್ಲಿ ಕೆಲಸ ಸಿಕ್ಕಿತು.
ಹಂದಿ ಕಾರ್ಖಾನೆ.
ಕುದಿನೀರಿನಿಂದೆದ್ದ ಹಂದಿಯ ಮೈಗೂದಲನ್ನು ಯಂತ್ರ ಕೆರೆಯುತ್ತದೆ,
ಯಂತ್ರ ಬಿಟ್ಟದ್ದನ್ನು ಇವನು ಬ್ಲೇಡಿನಲ್ಲಿ ಕೆರೆಯಬೇಕು,
ಗದ್ದದ ಮಡಿಕೆಯಲ್ಲಿ, ಕಿವಿಯ ಹಿಂದೆ.
ಎಷ್ಟು ಗಂಟೆ ಕಲಿಸಿದರು? ಅಂದೆ.
ನಲವತ್ತು ನಿಮಿಷದ ವಿಡಿಯೋ, ಅಂದ,
ಅದರಲ್ಲಿ ಹದಿನೈದು ಬರೀ ಕೈ ತೊಳೆಯುವುದು.
ಇಬ್ಬರೂ ನಕ್ಕೆವು.
ಅವನು ಇನ್ನೂ ನಗುತ್ತಿದ್ದಾಗ ನಾನು ದೀಪ ಆರಿಸಿದೆ.

ಟ್ರಕ್ಕಿನಲ್ಲಿ ಬರುವಾಗ ಗಡಿ ನೋಡಬೇಕೆಂದು ಎಚ್ಚರವಿದ್ದೆ.
ಈ ಕಡೆ ಜೋಳ, ಆ ಕಡೆಯೂ ಜೋಳ,
ನಡುವೆ ಗಾಳಿಗೆ ಅಲುಗುವ ಒಂದು ಹಸಿರು ಬೋರ್ಡು.
ಬಾಚಣಿಗೆಯ ತುದಿಯಲ್ಲಿ ತೆಗೆದ ಬೈತಲೆ, ಅಷ್ಟೇ.
ನಾಳೆ ಎರಡು ಬೆರಳು ಆಚೆ ತೆಗೆದರೂ ನಡೆಯುತ್ತದೆ.
ಆದರೆ ಬಾಚಣಿಗೆ ಯಾರ ಕೈಯಲ್ಲಿದೆಯೋ
ಅವರು ಹೇಳಬೇಕು ಅದನ್ನು.

'ಅದೇನು, ನೀರಿನ ಸದ್ದು?' ಅಂದಳು ಮಾರ್ಲಿಸ್.
ಪಾತ್ರೆ ತೊಳೆಯುತ್ತಿದ್ದೇನೆ, ಅಂದೆ.
ಆಗಲೇ ಹಿಲ್ಮಾಳಿಗೆ ಕೆಮ್ಮು ಬರಬೇಕೆ?
ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.
ಆಮೇಲೆ: 'ಪಾತ್ರೆಗೆ ಥಂಡಿಯಾದೀತು, ಬೇಗ ಒರೆಸಿ.
ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ಕ್ಲಾಸಿದೆ,
ಜನವರಿಗೆ ಶುರು. ಬರೆದುಕೊಳ್ಳುತ್ತೀರಾ?'
ಪೆನ್ನು ಹಿಡಿಯಲು ಕೈಯಿರಲಿಲ್ಲ.
ಹಿಲ್ಮಾ ತಲೆ ಎತ್ತದೆ ಸಿಂಕಿನೊಳಗಿಂದಲೇ
ಜನವರಿ, ಜನವರಿ ಎಂದು ಬಾಯಿಪಾಠ ಮಾಡಿದಳು.

ಮೊದಲ ಸಂಜೆಯ ಪಾಠ: ತಲೆ ತೊಳೆಯುವುದು ಹೇಗೆ.
ನನ್ನ ಜೋಡಿಗೆ ಹತ್ತೊಂಬತ್ತರ ಹುಡುಗಿ, ಬ್ರಿನ್ಲಿ.
ನನ್ನಂಥ ಕೂದಲನ್ನು ಅವಳು ಮುಟ್ಟಿದ್ದೇ ಇಲ್ಲ.
ನಡುಗುವ ಬೆರಳುಗಳಿಗೆ ತಲೆ ಕೊಟ್ಟು
ಕಣ್ಣು ಮುಚ್ಚಿದೆ.
ಎಷ್ಟೋ ಸಾವಿರ ಜನ ಹೀಗೆ ನನ್ನ ಮುಂದೆ
ಕತ್ತು ಹಿಂದಕ್ಕೆ ಚೆಲ್ಲಿ ಕೂತಿದ್ದರಲ್ಲ,
ಇಷ್ಟು ಹೆದರಿಕೆಯಾಗುತ್ತದೆಂದು ಒಬ್ಬರೂ ಹೇಳಿರಲಿಲ್ಲ.
'ನೀರು ಬಿಸಿಯಾಯಿತೇ?' ಅಂದಳು.
ಇಲ್ಲ, ಸರಿ ಇದೆ.
ಅಲ್ಲಿ ಬಿಟ್ಟೆ ನೋಡು, ಕಿವಿಯ ಹಿಂದೆ.
ಎಲ್ಲರೂ ಮರೆಯುವುದು ಅಲ್ಲೇ.